ಬೇಡ ಎಂದವರ ಪಾಲು

ಬಾಗಿಲು ತಟ್ಟಿದೆ ಎಂದು ತಾನು ಎಲ್ಲಿಯೂ ಬರೆದಿಲ್ಲವಲ್ಲ ಎಂದು ಇರ್ಮಾ ಮತ್ತೆ ಮತ್ತೆ ತನಗೇ ಹೇಳಿಕೊಂಡಳು. ಚೀಟಿಯಲ್ಲಿ ಇದ್ದದ್ದು ಮೂರೇ ಚೌಕ: ಬೇಕು, ಬೇಡ, ಮನೆಯಲ್ಲಿಲ್ಲ. ಹದಿನಾಲ್ಕನೆಯ ಮನೆಯ ಚೀಟಿಯಲ್ಲಿ ಅವಳು 'ಬೇಡ'ದ ಮೇಲೆ ಒಂದು ಗೀಟು ಎಳೆದಿದ್ದಳು, ಅಷ್ಟೇ. ಗೀಟು ಸುಳ್ಳು ಹೇಳುತ್ತದೆಯೇ? ಹೇಳುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ, ಒಂದು ದಿನವೂ ತಪ್ಪದೆ ದಿನಚರಿ ಬರೆಯುವವಳು ಮಂಗಳವಾರದ ಪುಟವನ್ನು ಖಾಲಿ ಬಿಟ್ಟಿದ್ದಳು.

ಮಂಗಳವಾರ ಮಧ್ಯಾಹ್ನ ಅವಳು ಹಳೆಗಣಿ ಬೀದಿಯಲ್ಲಿ ಮನೆಮನೆ ತಿರುಗುತ್ತಿದ್ದಳು. ಗಣಿ ಊರಾದ ಕೋಕ್‌ಸಾಯ್‌ನ ಜರ್ಮನ್ ಮೂಲದವರ ಮೂರು ಲೂಥರನ್ ಕ್ರೈಸ್ತ ಸಭೆಗಳು ಸೇರಿ ಚಳಿಗಾಲ ಬೀಳುವ ಮುಂಚೆ ಕಷ್ಟದಲ್ಲಿರುವವರಿಗೆ ಕಲ್ಲಿದ್ದಲು ಹಂಚುತ್ತವೆ, ಮನೆಗೆ ಇಪ್ಪತ್ತು ಮೂಟೆ. ಯಾರ್‍ಯಾರಿಗೆ ಬೇಕೆಂದು ಕೇಳಿ ಬರುವ ಕೆಲಸ ಈ ಸಲ ಇರ್ಮಾಳ ಕೊರಳಿಗೆ ಬಿದ್ದಿತ್ತು. ಕರಗಂದಾ ನಗರದಲ್ಲಿ ಜರ್ಮನ್ ಭಾಷೆಯ ಪದವಿ ಮುಗಿಸಿ ಬಂದು ಎರಡು ವರ್ಷದಿಂದ ಮನೆಯಲ್ಲಿ ಕೂತವಳು. ನಾಲ್ಕು ಜನರ ಜೊತೆ ಮಾತಾಡಿದರೆ ಸಂಕೋಚ ಬಿಡಬಹುದೆಂದು ತಾಯಿಯೇ ಅವಳ ಹೆಸರು ಕೊಟ್ಟಿದ್ದಳು. ಹದಿಮೂರು ಮನೆಗಳನ್ನು ಹೇಗೋ ದಾಟಿದ್ದಾಯಿತು. ಹದಿನಾಲ್ಕನೆಯದು ಫ್ರೀದಾ ರುಪ್ಪೆಲ್‌ ಅವರದು. ನೀಲಿ ಗೇಟು ದಾಟಿ ಬಾಗಿಲವರೆಗೂ ಹೋದವಳು ಎತ್ತಿದ ಕೈಯನ್ನು ಎತ್ತಿಕೊಂಡೇ ನಿಂತಳು. ಒಳಗೆ ಫ್ರೀದಾಳ ಗಂಡ ಸೆರಿಕ್ ಕೆಮ್ಮುತ್ತಿದ್ದ. ಮೂವತ್ತು ವರ್ಷ ಗಣಿಯ ಧೂಳು ಕುಡಿದ ಎದೆ ಅದು. ಆ ಕೆಮ್ಮು ಒಂದು ಸಲ ಶುರುವಾದರೆ ಕೇಳುವವರಿಗೇ ಉಸಿರು ಕಟ್ಟುತ್ತದೆ. ಕೆಮ್ಮು ನಿಂತ ಮೇಲೆ ತಟ್ಟೋಣವೆಂದುಕೊಂಡಳು. ನಿಂತಿತು. ಅವಳು ತಟ್ಟಲಿಲ್ಲ.

ಫ್ರೀದಾಳ ನಾಲಿಗೆ ಅಂಥದು. ಹಿಂದೆ ಆ ಮೂರರಲ್ಲೊಂದಾದ ಮಾರುಕಟ್ಟೆ ಸಭೆಯಲ್ಲಿ ಹಾರ್ಮೋನಿಯಂ ನುಡಿಸುತ್ತಾ ಮಕ್ಕಳಿಗೆ ಹಾಡು ಕಲಿಸುತ್ತಿದ್ದವಳು, ಅವರಿಗೆಲ್ಲ 'ಫ್ರೀದಾ ಚಿಕ್ಕಮ್ಮ'. "ಏನೇ ಇರ್ಮಾ, ನೀನು ಹಾಡ್ತಾ ಇದೀಯೋ, ಇಲ್ಲ ದೇವರ ಹತ್ರ ತಪ್ಪಾಯ್ತು ಅಂತಾ ಇದೀಯೋ?" ಎಂದು ಒಂಬತ್ತು ವರ್ಷದ ಹುಡುಗಿಯನ್ನು ಎಲ್ಲರ ಮುಂದೆ ಕೇಳಿದ್ದಳು. ಫ್ರೀದಾ ಸಭೆ ಬಿಟ್ಟದ್ದೂ ಆ ನಾಲಿಗೆಯಿಂದಲೇ. ಮೂರು ವರ್ಷದ ಕೆಳಗೆ, ಬಡವರಿಗೆ ಸೂಪು ಹಾಕುವ ದಿನ, ಅವರನ್ನು ಮುಕ್ಕಾಲು ಗಂಟೆ ಹಿಂದಿನ ಬೆಂಚಿನಲ್ಲಿ ಕೂರಿಸಿ ಪಾದ್ರಿಗಳ ಪ್ರಸಂಗ ಕೇಳಿಸುವುದು ಯಾಕೆ, ಮೊದಲು ಬಡಿಸಬಾರದೇ ಎಂದು ಕೇಳಿದಳು. ಸೇವಾ ಸಮಿತಿಯ ಯಜಮಾನಿ ಎಮ್ಮಾ ಕಾರ್ಲೊವ್ನಾ, "ಹೊಟ್ಟೆ ತುಂಬಿದ ಮೇಲೆ ಯಾರು ಕೂತು ಕೇಳ್ತಾರೆ?" ಎಂದರು. "ಹಂಗಾದ್ರೆ ನಿಮ್ಮ ಪ್ರಸಂಗ ನಿಮ್ಮ ಸೂಪಿಗಿಂತ ತೆಳ್ಳಗಿದೆ ಅಂತಾಯ್ತು" ಎಂದ ಫ್ರೀದಾ ಹಾರ್ಮೋನಿಯಂ ಮುಚ್ಚಳ ಹಾಕಿ ಎದ್ದುಹೋದವಳು ಮತ್ತೆ ಬರಲಿಲ್ಲ.

'ಮನೆಯಲ್ಲಿಲ್ಲ' ಎಂದು ಗೀಟು ಹಾಕಬಹುದಿತ್ತು. ಆದರೆ ಹಾಗೆ ಹಾಕಿದ ಮನೆಗಳಿಗೆ ಶನಿವಾರ ಇನ್ನೊಮ್ಮೆ ಹೋಗಬೇಕೆಂದು ಎಮ್ಮಾ ಕಾರ್ಲೊವ್ನಾ ಕಟ್ಟುನಿಟ್ಟು ಮಾಡಿದ್ದರು. ಅದಕ್ಕೇ 'ಬೇಡ'.

ಗುರುವಾರ ಊಟದ ಹೊತ್ತು ಕಳೆದ ಮೇಲೆ ಸಮಿತಿ ಸೇರಿತು. ಈ ಮೂರು ಸಭೆಗಳ ಒಗ್ಗಟ್ಟನ್ನು ನೋಡಲು ಎರಡು ಕಣ್ಣು ಸಾಲದು. ನಿಂತು ಪ್ರಾರ್ಥಿಸಬೇಕೋ ಮಂಡಿಯೂರಬೇಕೋ ಎಂಬ ಜಗಳದಲ್ಲಿ ಸ್ಟೇಷನ್ ಸಭೆಯವರೂ ಮಾರುಕಟ್ಟೆ ಸಭೆಯವರೂ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಮೂರನೆಯ ಸಭೆಯಾದ ಪ್ರಾರ್ಥನಾ ಮನೆಯ ಮುದುಕರಿಗೆ ಇವರಿಬ್ಬರೂ ನರಕಕ್ಕೆ ಹೋಗುವವರೇ ಎಂಬ ಬಗ್ಗೆ ಸಂಶಯವಿರಲಿಲ್ಲ. ಜರ್ಮನಿಯ ಒಂದು ಸಭೆ, ಮೂರೂ ಸೇರಿ ಮಾಡಿದರೆ ಮಾತ್ರ ಲಾರಿ ತುಂಬ ಕಲ್ಲಿದ್ದಲು ಎಂದು ಬರೆದ ಮೇಲೆ ಮೂವರಿಗೂ ಸಹೋದರ ಪ್ರೇಮ ಉಕ್ಕಿ ಬಂತು. ಕಲ್ಲಿದ್ದಲಿನ ಜೊತೆಗೆ ಇಪ್ಪತ್ತು ನೀಲಿ ಅಂಗಿಗಳೂ ಬಂದಿದ್ದವು, ತೋಳಿಲ್ಲದವು, ಬೆನ್ನ ಮೇಲೆ 'ಒಟ್ಟಾಗಿ ಸೇವೆ' ಎಂದು ಬರೆದವು. ಯಾವ ಸಭೆಗೆ ಎಷ್ಟು ಅಂಗಿ ಎಂಬುದರಲ್ಲೇ ಸಮಿತಿಯ ಕಳೆದ ಎರಡು ಕೂಟಗಳು ಮುಗಿದಿದ್ದವು. ಇಪ್ಪತ್ತನ್ನು ಮೂರರಿಂದ ಭಾಗಿಸಲು ದೇವರೂ ಅವರಿಗೆ ನೆರವಾಗಿರಲಿಲ್ಲ.

"ಹದಿನಾಲ್ಕು?" ಎಂದು ಎಮ್ಮಾ ಕಾರ್ಲೊವ್ನಾ ಕೇಳಿದರು.

"ಬೇಡ," ಎಂದಳು ಇರ್ಮಾ, ಕಾಗದದ ಕಡೆಗೇ ನೋಡುತ್ತಾ.

"ಹದಿನಾಲ್ಕು ಯಾರದು?"

"ಫ್ರೀದಾ ಚಿಕ್ಕಮ್ಮಂದು."

ಎಮ್ಮಾ ಕಾರ್ಲೊವ್ನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಫ್ರೀದಾ ಬೇಡ ಅಂದ್ಲಾ?" ಆ ದನಿಯಲ್ಲಿ ಹಬ್ಬವಿತ್ತು. "ನಾನು ಬಡ್ಕೊಂಡಿರ್ಲಿಲ್ವಾ, ಪಾದ್ರಿಗಳೇ? ಮನೇಲಿ ಒಲೆ ಉರಿಯಲ್ಲ, ಮೂಗಿನ ತುದೀಲಿ ಮಾತ್ರ ಬೆಂಕಿ."

"ಸೆರಿಕ್‌ಗೆ ತೀರಾ ಆಗ್ತಿಲ್ಲ ಅಂತಾರಲ್ಲ," ಎಂದ ಸ್ಟೇಷನ್ ಸಭೆಯ ಹಿರಿಯ ವಿಕ್ತೋರ್ ಲೋರೆನ್ಸ್, ಕೂತಲ್ಲೇ ಬೆನ್ನು ಕೆರೆದುಕೊಳ್ಳುತ್ತಾ.

"ಆಗದ ಗಂಡನ್ನ ಇಟ್ಕೊಂಡು ಈ ಜಂಬ! ಏನಂದ್ಲೇ ಹುಡುಗಿ? ಬರೀ ಬೇಡ ಅಂದ್ಲಾ, ಜೊತೆಗೆ ಏನಾದ್ರೂ ಬಿಟ್ಲಾ? ಅವಳು ಸುಮ್ನೆ ಬಿಡೋಳಲ್ಲ."

ಆಗಲೇ ಹೇಳಿಬಿಡಬಹುದಿತ್ತು. ಆದರೆ ಮೇಜಿನ ಸುತ್ತಲಿನ ಎಲ್ಲರೂ ಇರ್ಮಾಳ ಬಾಯಿಯನ್ನೇ ನೋಡುತ್ತಿದ್ದರು. ಪಾದ್ರಿ ಗೆನ್ನಾದಿ ಹೆರ್ಗೆರ್ಟ್ ಬಿಸ್ಕತ್ತು ಅದ್ದುವುದನ್ನು ನಿಲ್ಲಿಸಿದ್ದರು. ತೂಕಡಿಸುತ್ತಿದ್ದ ಪ್ರಾರ್ಥನಾ ಮನೆಯ ಮುದುಕ ಸಹ ಒಂದು ಕಣ್ಣು ತೆರೆದ. ಅವಳ ಇಪ್ಪತ್ನಾಲ್ಕು ವರ್ಷದ ಬಾಳಿನಲ್ಲಿ ಅವಳ ಮುಂದಿನ ಮಾತಿಗಾಗಿ ಯಾರೂ ಹೀಗೆ ಕಾದಿರಲಿಲ್ಲ.

"'ನಿಮ್ಮ ಕಲ್ಲಿದ್ದಲು ನಿಮಗೇ ಇರ್ಲಿ' ಅಂದ್ರು," ಎಂದಳು. ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಮಾತು ಅರ್ಧಕ್ಕೇ ನಿಂತಂತೆ ಅವಳ ಕಿವಿಗೆ ಅನಿಸಿತು. "'ನಮ್ಮನೆಗಿಂತ ನಿಮ್ಮ ಸಭೇಲೇ ಚಳಿ ಜಾಸ್ತಿ' ಅಂದ್ರು."

ಲೋರೆನ್ಸ್ ಮೇಜು ಬಡಿದು ನಕ್ಕ. "ಅವಳೇ! ಅವಳದೇ ಮಾತು! ಕಣ್ಣಿಗೆ ಕಟ್ಟಿದ ಹಾಗಿದೆ!"

ಎಮ್ಮಾ ಕಾರ್ಲೊವ್ನಾ ಕೆಂಪಾದರು, ಆದರೆ ಅದೂ ಸಂತೋಷದ ಕೆಂಪೇ. ಪಾದ್ರಿ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡರು. ಐದೇ ನಿಮಿಷದಲ್ಲಿ ಫ್ರೀದಾಳ ಇಪ್ಪತ್ತು ಮೂಟೆಯ ಗತಿಯೂ ತೀರ್ಮಾನವಾಯಿತು: ಭಾನುವಾರ ಜರ್ಮನಿಯಿಂದ ಅತಿಥಿಗಳು ಬರುತ್ತಾರೆ, ಅವರಿಗೆ ಚಳಿಯಾಗಬಾರದು, ಸಭಾಭವನದ ಒಲೆಗೇ ಇರಲಿ. ಇದೊಂದು ವಿಷಯದಲ್ಲಿ ಮೂರೂ ಸಭೆಗಳಿಗೆ ಭಿನ್ನಾಭಿಪ್ರಾಯವಿರಲಿಲ್ಲ.

ಅಂದು ಸಂಜೆ ಇರ್ಮಾ ಆ ಎರಡು ಮಾತುಗಳನ್ನು ದಿನಚರಿಯಲ್ಲಿ ಬರೆದಳು. ಬರೆದು ಓದಿದಳು. ಚೆನ್ನಾಗಿದ್ದವು. ಫ್ರೀದಾ ಚಿಕ್ಕಮ್ಮ ಸಹ ಇದಕ್ಕಿಂತ ಚೆನ್ನಾಗಿ ಅನ್ನುತ್ತಿರಲಿಲ್ಲ. ಹಾಗೆ ಅನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಇನ್ನೊಮ್ಮೆ ಓದಿದಳು.

ಭಾನುವಾರದ ಆರಾಧನೆ ಕೂಡು ಆರಾಧನೆ. ಸ್ಟೇಷನ್‌ನವರು ಎಡಕ್ಕೆ, ಮಾರುಕಟ್ಟೆಯವರು ಬಲಕ್ಕೆ, ಮುದುಕರು ಮಧ್ಯೆ ಗಡಿಗಲ್ಲುಗಳಂತೆ. ಮುಂದಿನ ಸಾಲಿನಲ್ಲಿ ಅತಿಥಿಗಳಿಬ್ಬರು, ಒಬ್ಬ ಬೋಳುತಲೆಯ ಗಂಡಸು, ಕ್ಯಾಮೆರಾ ತೂಗುಹಾಕಿಕೊಂಡ ಒಬ್ಬ ಹೆಂಗಸು. ಎಲ್ಲದಕ್ಕೂ ಒಂದೇ ಅಳತೆಯಲ್ಲಿ ಮುಗುಳ್ನಗುತ್ತಿದ್ದರು. ಪಾದ್ರಿ ಕೊಡುವ ಕೈಯ ಬಗ್ಗೆ ಮಾತಾಡಿ, ಕೊಡುವ ಕೈಯನ್ನು ತಳ್ಳುವ ಅಹಂಕಾರದ ಬಗ್ಗೆ ಮಾತಾಡಿ, "ನಮ್ಮ ಊರಿನಲ್ಲೇ ಒಬ್ಬ ಸಹೋದರಿ, ನಿಮ್ಮ ಈ ಕಲ್ಲಿದ್ದಲನ್ನೆಲ್ಲ ನೀವೇ ಇಟ್ಟುಕೊಳ್ಳಿ, ನಿಮ್ಮ ಸಭೆಯೇ ತಣ್ಣಗಿದೆ ಎಂದಳಂತೆ" ಎಂದರು. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಬೆಂಚಿನಿಂದ ಬೆಂಚಿಗೆ ತಲೆಗಳು ತಿರುಗಿದವು. ಮಾತಿನ ಲಯವನ್ನೇ ಕೆಡಿಸಿಬಿಟ್ಟರಲ್ಲ ಎಂದು ಇರ್ಮಾಳಿಗೆ ಮೊದಲು ಅನಿಸಿತು. ನಾಚಿಕೆ ಆಮೇಲೆ ಬಂತು.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಚಹಾ, ಮೇಲೆ ಸಕ್ಕರೆ ಹಿಟ್ಟು ಉದುರಿಸಿ ಬೇಯಿಸಿದ ಕೂಖೆನ್ ಕೇಕು. ಹಳೆಗಣಿ ಬೀದಿಗೆ ಹೋಗಿದ್ದ ಲಾರಿ ಇಪ್ಪತ್ತು ಮೂಟೆ ಉಳಿಸಿಕೊಂಡು ವಾಪಸು ಬಂತು. ಮೂಟೆ ಹೊತ್ತ ಚಿತ್ರ ತೆಗೆಯಬೇಕೆಂದು ಅತಿಥಿ ಹೆಂಗಸು ಆಸೆಪಟ್ಟಳು. ಬೆಳಗ್ಗಿನಿಂದ ಬೀದಿಬೀದಿಯಲ್ಲಿ ಮೂಟೆ ಇಳಿಸಿದವರು ಲಾರಿ ಚಾಲಕ ಮರಾತ್ ಮತ್ತು ಅವನ ಅಣ್ಣ. ಚಿತ್ರಕ್ಕೆ ಮಾತ್ರ ಹಿರಿಯರೇ ನೀಲಿ ಅಂಗಿ ತೊಟ್ಟು ಬಂದರು. ಜರ್ಮನಿಯ ಅಳತೆಯ ಅಂಗಿ ಲೋರೆನ್ಸ್‌ನ ಮೊಣಕಾಲಿಗೆ ಬಡಿಯುತ್ತಿತ್ತು.

"ಮುಂದೆ ನಾವು ಹಿಡೀತೀವಿ," ಎಂದರು ಮಾರುಕಟ್ಟೆಯವರು.

"ಯಾಕಪ್ಪ, ಹಿಂದೆ ಹಿಡಿದ್ರೆ ನಿಮ್ಮ ಮುಖ ಕಾಣಲ್ಲ ಅಂತಾನಾ? ಕಾಣದಿದ್ರೇನೇ ಚಿತ್ರ ಚೆಂದ," ಎಂದ ಲೋರೆನ್ಸ್.

ಆಗ ಗೇಟಿನಲ್ಲಿ ಫ್ರೀದಾ ಕಾಣಿಸಿದಳು. ಗಂಡನ ಗಣಿಕೋಟು ತೊಟ್ಟು, ತಲೆಗೆ ಬೂದು ಶಾಲು ಬಿಗಿದಿದ್ದಳು. ನಡೆದೇ ಬಂದವಳಿಗೆ ಏದುಸಿರು. ನೆಟ್ಟಗೆ ಎಮ್ಮಾ ಕಾರ್ಲೊವ್ನಾರ ಮುಂದೆ ಬಂದು ನಿಂತಳು.

"ಎಮ್ಮಾ, ಲಾರಿ ನಮ್ಮನೆ ಎಡಕ್ಕೂ ನಿಲ್ತು, ಬಲಕ್ಕೂ ನಿಲ್ತು. ಮಧ್ಯ ಇರೋದೇನು, ಗೋರೀನಾ?"

"ನೀನೇ ಬೇಡ ಅಂದ್ಮೇಲೆ..."

"ಹೌದಂತೆ. ಮರಾತ್ ಹೇಳ್ದ. ನಾನೇನೋ ಭಾರಿ ಮಾತು ಅಂದಿದೀನಂತೆ, ಊರೆಲ್ಲ ಬಾಯಿಪಾಠ ಮಾಡಿದಾರಂತೆ. ಅಂದವಳಿಗೇ ಗೊತ್ತಿಲ್ಲ. ಏನಂದೆ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಎಮ್ಮಾ ಕಾರ್ಲೊವ್ನಾ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟು, ಅಂಗಳಕ್ಕೆಲ್ಲ ಕೇಳುವಂತೆ, ಒಂದಕ್ಷರ ಬಿಡದೆ ಹೇಳಿದರು.

ಫ್ರೀದಾ ತಲೆ ಒಂದು ಕಡೆಗೆ ವಾಲಿಸಿ ಕೇಳಿದಳು. "ಪರವಾಗಿಲ್ವೇ," ಎಂದಳು. "ಯಾರ ಹತ್ರ ಅಂದೆನಂತೆ ಇದನ್ನ?"

"ಇರ್ಮಾ ಹತ್ರ. ಮಂಗಳವಾರ. ಮನೆ ಬಾಗಿಲಿಗೆ ಬಂದ ಮಗು ಹತ್ರ ಹಂಗಾ ಮಾತಾಡೋದು, ಫ್ರೀದಾ?"

ಎಲ್ಲರೂ ಇರ್ಮಾಳ ಕಡೆ ನೋಡಿದರು. ಫ್ರೀದಾ ಹತ್ತಿರ ಬಂದಳು. ಬೈಗುಳಕ್ಕೆ ಕಾದು ಇರ್ಮಾ ತಲೆ ತಗ್ಗಿಸಿದಳು. ಕಂಡದ್ದು ಫ್ರೀದಾಳ ಕೈಗಳು. ಹಾರ್ಮೋನಿಯಂ ಮೇಲೆ ಓಡಾಡುತ್ತಿದ್ದ ಬೆರಳುಗಳ ಉಗುರಿನ ಸುತ್ತ ಕಪ್ಪು ಹೆಪ್ಪುಗಟ್ಟಿ, ಗೆಣ್ಣುಗಳು ಒಡೆದಿದ್ದವು. ಕಲ್ಲಿದ್ದಲ ಗೂಡಿನ ತಳದ ಪುಡಿಯನ್ನು ಕೆರೆದು, ಮಣ್ಣಿನಲ್ಲಿ ಕಲಸಿ ಒಲೆಗೆ ಉಂಡೆ ಕಟ್ಟುವವರ ಕೈಗಳು. ಅಕ್ಟೋಬರಿನಲ್ಲೇ ಉಂಡೆ ಕಟ್ಟುವ ಮನೆಗೆ ಜನವರಿ ಎಂದರೆ ಏನೆಂದು ಈ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

"ಕಿಟಕೀಲಿ ನೋಡ್ತಾನೇ ಇದ್ದೆ ಕಣೇ," ಎಂದಳು ಫ್ರೀದಾ, ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ಚಾಗೆ ನೀರಿಟ್ಟು ಬರೋಷ್ಟರಲ್ಲಿ ನೀನು ಹೊರಟೇ ಹೋಗಿದ್ದೆ."

ಇರ್ಮಾಳ ಕಣ್ಣು ತುಂಬಿತು. ಫ್ರೀದಾ ಒಂದು ಗಳಿಗೆ ಅವಳನ್ನು ನೋಡಿದಳು. ಆಮೇಲೆ ಸುತ್ತಲಿನ ನೀಲಿ ಅಂಗಿಗಳನ್ನು, ಕೂಖೆನ್ ತಟ್ಟೆಗಳನ್ನು, ಲಾರಿಯಿಂದ ಸಭಾಭವನದ ಬಾಗಿಲಿಗೆ ಹೊರಟಿದ್ದ ಮೂಟೆಯನ್ನು ನೋಡಿದಳು. ಅವಳ ಮುಖದ ಮೇಲೆ ಬಂದದ್ದು ಕೋಪವಲ್ಲ. ತೊಳೆಯದ ತಟ್ಟೆಯಲ್ಲಿ ಬಡಿಸಿದರೆ ಮುಖ ಹೇಗಾಗುತ್ತದೋ ಹಾಗಾಯಿತು.

"ಹೌದು, ಅಂದೆ," ಎಂದಳು ಗಟ್ಟಿಯಾಗಿ. "ನಾನೇ ಅಂದಿದ್ದು. ಹುಡುಗಿ ಸರಿಯಾಗೇ ಹೇಳಿದಾಳೆ. ನಮ್ಮನೆಗಿಂತ ನಿಮ್ಮ ಸಭೇಲೇ ಚಳಿ ಜಾಸ್ತಿ. ಹಾಕ್ಕೊಳ್ಳಿ ಒಲೆಗೆ. ಚೆನ್ನಾಗಿ ಕಾಯಿಸ್ಕೊಳ್ಳಿ ಬೆನ್ನು." ಶಾಲನ್ನು ಇನ್ನಷ್ಟು ಬಿಗಿದು ಗೇಟಿನ ಕಡೆ ತಿರುಗಿದಳು.

"ಕೇಳಿಸ್ಕೊಂಡ್ರಾ?" ಎಂದರು ಎಮ್ಮಾ ಕಾರ್ಲೊವ್ನಾ ಸುತ್ತ ನೋಡುತ್ತಾ. "ನಾನು ಹೇಳಿದ್ರೆ ಎಮ್ಮಾಗೆ ಹೊಟ್ಟೆಕಿಚ್ಚು ಅಂತಿದ್ರಿ. ಈಗ ಅವಳ ಬಾಯಲ್ಲೇ ಕೇಳಿದ್ರಲ್ಲ?" ಪಾದ್ರಿ ಅತಿಥಿಗಳ ಕಡೆ ಬಾಗಿ ಜರ್ಮನ್‌ನಲ್ಲಿ ಏನೋ ಪಿಸುಗುಟ್ಟಿದರು. ಅತಿಥಿಗಳು ಅದಕ್ಕೂ ಮುಗುಳ್ನಕ್ಕರು. "ಪಾಪ, ಈ ಹುಡುಗಿ ಎಷ್ಟು ಹೆದರಿದಾಳೆ ನೋಡಿ," ಎಂದು ಯಾರೋ ಇರ್ಮಾಳ ತಟ್ಟೆಗೆ ಇನ್ನೊಂದು ತುಂಡು ಹಾಕಿದರು.

ಫ್ರೀದಾ ಗೇಟಿನ ಚಿಲಕ ಎತ್ತಿದಳು. ಇರ್ಮಾ ಏನೋ ಅಂದಳು. ಅವಳ ಪಕ್ಕದಲ್ಲಿದ್ದವರಿಗೂ ಅದು ಕೇಳಿಸಲಿಲ್ಲ. ಅವಳು ತಟ್ಟೆಯನ್ನು ಬೆಂಚಿನ ಮೇಲಿಟ್ಟಳು. ಲಾರಿಯವರೆಗೆ ನಡೆದು ಹೋಗಿ, ಮೂಟೆ ಹೊತ್ತು ಕ್ಯಾಮೆರಾಕ್ಕೆ ಮುಖ ಕೊಟ್ಟಿದ್ದ ಇಬ್ಬರು ಹಿರಿಯರ ದಾರಿಗೆ ಅಡ್ಡ ನಿಂತಳು.

"ಅವರು ಏನೂ ಅನ್ಲಿಲ್ಲ," ಎಂದಳು. ದನಿ ಒಡೆದು, ಅವಳಿಗೇ ಗುರುತು ಸಿಗದಷ್ಟು ಜೋರಾಗಿ ಬಂತು. "ನಾನು ಬಾಗಿಲು ತಟ್ಟಲೇ ಇಲ್ಲ."

ಮಾರುಕಟ್ಟೆಯ ಹಿರಿಯ ಮುಂದಿನ ತುದಿಯನ್ನೂ ಸ್ಟೇಷನ್‌ನ ಹಿರಿಯ ಹಿಂದಿನ ತುದಿಯನ್ನೂ ಹಿಡಿದು ನಿಂತೇ ಇದ್ದರು. ಇಬ್ಬರ ನಡುವೆ ಜೋತುಬಿದ್ದ ಮೂಟೆಯ ಹೊಲಿಗೆಯಿಂದ ಕರಿಪುಡಿ ಸಣ್ಣಗೆ ಉದುರುತ್ತಾ ಅವರ ಹೊಳೆಯುವ ಬೂಟುಗಳ ಮೇಲೆ ಬೀಳುತ್ತಿತ್ತು.