ತೊಳೆದಂಗೆ ಖಾಲಿಯಾಗುತ್ತಿದ್ದ ತಟ್ಟೆ

ನಮ್ಮ ಹಟ್ಟಿ ಕಡೆ ಸೊಸೆ ಹೆತ್ತಳು ಅಂದ್ರೆ ಅತ್ತೆಗೆ ಎರಡು ಕೆಲಸ. ಒಂದು, ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗೋದು. ಇನ್ನೊಂದು, ಹಟ್ಟಿಯಾಚೆ ತೆಂಗಿನಗರಿ ಗುಡ್ಲು ಹಾಕಿಸಿ ಬಾಣಂತಿನ, ಕೂಸನ್ನ ಅಲ್ಲಿ ಬಿಡೋದು. ಸೂತಕ ನೋಡ್ರಿ! ದೇವರಿರೋ ಹಟ್ಟಿಗೆ ಬಾಣಂತಿ ಕಾಲಿಡಂಗಿಲ್ಲ, ಮನೆಯವರು ಅವಳನ್ನ ಮುಟ್ಟಂಗಿಲ್ಲ.

ಕೆಂಚಕ್ಕ ಎರಡೂ ಕೆಲಸನ ಅಚ್ಚುಕಟ್ಟಾಗಿ ಮಾಡಿದ್ದಳು. ಮಗ ರಂಗೇಶ ಕುರಿ ಹೊಡಕೊಂಡು ದೂರ ಹೋಗಿದ್ದ. ಸೊಸೆ ಕಾವ್ಯಶ್ರೀ ಹದಿನೆಂಟು ದಿನದಿಂದ ಗುಡ್ಲಲ್ಲಿದ್ದಳು. ಕೆಂಚಕ್ಕ ಹೊತ್ತೊತ್ತಿಗೆ ಊಟ ಒಯ್ದು, ಹತ್ತು ಹೆಜ್ಜೆ ಈಚೆಗಿನ ಚಪ್ಪಡಿ ಕಲ್ಲಿನ ಮೇಲಿಟ್ಟು ಬರುತ್ತಿದ್ದಳು.

ಅವತ್ತು ಬೆಳಿಗ್ಗೆ ಹರಿಯಬ್ಬೆಯಿಂದ ಆಶಾ ಕಾರ್ಯಕರ್ತೆ ಲತಾ ಬಂದಳು. ಹೋದ ಸಲ ಬಂದಾಗ ‘ಬಾಣಂತಿ ಮಲಗವ್ಳೆ’ ಅಂತ ಕೆಂಚಕ್ಕನೇ ವಾಪಸ್ ಕಳಿಸಿದ್ದಳು.

“ಕಾವ್ಯ ಹೆಂಗವ್ಳೆ ಕೆಂಚಕ್ಕ?”

“ಭೇಷಾಗವ್ಳೆ ಕಣಮ್ಮ. ಮುದ್ದೆ, ಬೆಳ್ಳುಳ್ಳಿ ಸಾರು ಇಟ್ಟು ಬರ್ತೀನಿ. ತಟ್ಟೆ ತೊಳೆದಂಗೆ ಖಾಲಿ ಮಾಡ್ತಾಳೆ.”

“ಮಾತಾಡ್ತಾಳಾ?”

“ಬಾಣಂತಿಗೆಂಥ ಮಾತು? ಬಾಯಾಗೆ ಗಾಳಿ ಹೊಕ್ಕಂತೈತೆ.”

“ನಿದ್ದೆ ಮಾಡ್ತಾಳಾ?”

“ಅದೇನೋ ಹಗಲೂ ರಾತ್ರಿ ಗುಣುಗುಣು ಅಂತಿರ್ತಾಳೆ. ಜೋಗುಳ ಹೇಳ್ತಾಳೇನೋ.”

“ಕೂಸು ಅಳೋದು ಕೇಳಿಸ್ತೈತಾ?”

“ಎರಡು ದಿನದಿಂದ ಸದ್ದೇ ಇಲ್ಲ. ಒಳ್ಳೆ ಕೂಸು ಬಿಡು.”

ಲತಾ ದಡಕ್ಕನೆ ಎದ್ದಳು. “ಏಳ್ರಿ, ಒಳಗೆ ಹೋಗಿ ನೋಡಾಣ.”

“ಅಯ್ಯೋ, ಬಿಡ್ತು ಅನ್ನು! ನಾನು ಮೂರು ಬಾಣಂತನ ಅಂಥ ಗುಡ್ಲಾಗೇ ಕಳೆದಿದೀನಿ. ಗುಂಡುಕಲ್ಲಿನಂಗೆ ಇಲ್ವಾ?”

“ಬಾಣಂತನ ಮೂರು. ಮಕ್ಕಳು ಎರಡೇ ಅಲ್ವಾ ಕೆಂಚಕ್ಕ?”

“ನಡುವಿಂದು ಹಣೇಲಿ ಬರೆದಿರ್ಲಿಲ್ಲ,” ಅಂದು ಕೆಂಚಕ್ಕ ಸೆರಗು ಕೊಡವಿ ಎದ್ದಳು. ಜೊತೆಗೆ ಬಂದಳು, ಆದರೆ ಚಪ್ಪಡಿ ಕಲ್ಲಿನ ಹತ್ತಿರ ನಿಂತುಬಿಟ್ಟಳು. ಲತಾ ಒಬ್ಬಳೇ ಬಗ್ಗಿ ಒಳಗೆ ಹೋದಳು. ಹೋದವಳೇ ಕೂಗಿದಳು ನೋಡ್ರಿ, ಹಟ್ಟಿಯ ನಾಯಿಗಳೆಲ್ಲ ಎದ್ದು ಬೊಗಳಿದವು.

“ಕೆಂಚಕ್ಕಾ! ಬರ್ರಿ ಬೇಗ!”

ಕೆಂಚಕ್ಕ ಬಾಗಿಲಿಗೆ ಬಗ್ಗಿದಳು. ಒಳಗಿನ ವಾಸನೆಗೆ ಮೂಗಿಗೆ ಸೆರಗು ಹಿಡಿದಳು. ನೆಲ ಅಗೆದು ಗುಂಡಿಯಾಗಿತ್ತು. ಗುಂಡಿಯ ತುಂಬ ಮುದ್ದೆ! ಎಷ್ಟೋ ದಿನದಿಂದ ಇಟ್ಟ ಮುದ್ದೆ, ಬೂಸಲು ಹಿಡಿದು ಮಣ್ಣಲ್ಲಿ ಕೊಳೀತಿತ್ತು. ಕಾವ್ಯಶ್ರೀ ಕೈಯ ಉಗುರುಗಳಲ್ಲಿ ರಕ್ತ. ಕೂಸು ಬರಿ ನೆಲದ ಮೇಲೆ ತುಟಿ ಒಣಗಿ ಬಿದ್ದಿತ್ತು.

“ಅತ್ತೆ, ಅದು ನನ್ನ ಕೂಸಲ್ಲ,” ಅಂದಳು ಕಾವ್ಯಶ್ರೀ. ದನಿ ತಣ್ಣಗಿತ್ತು. “ಯಾರೋ ತಂದಿಟ್ಟವ್ರೆ. ನನ್ನ ಕೂಸು ಮಣ್ಣಿನ ಕೆಳಗೆ ಅಳ್ತೈತೆ. ದಿನಾ ಉಣ್ಣಾಕಿಕ್ತಿದೀನಿ. ಇವತ್ತು ಇದನ್ನ ಕೆಳಗಿಟ್ರೆ ಅದು ಮೇಲಕ್ಕೆ ಬರ್ತೈತಂತೆ.”

ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡಿದ್ದಳು. ಒಂದು ಕೂಸಿನಷ್ಟೇ ಉದ್ದ. ಶಿವನೇ, ಕೆಂಚಕ್ಕನ ಎದೆ ಒಡೆದು ಹೋಯಿತು.

ಕೂಗು ಕೇಳಿ ಹಟ್ಟಿಯ ಯಜಮಾನ ಉಗ್ರಪ್ಪ ಓಡಿ ಬಂದ. “ದೆವ್ವ ಮೆಟ್ಟೈತೆ. ಪೂಜಾರಿನ ಕರೆಸಾಣ. ಲೇ ಕೆಂಚಿ, ಒಳಗೆ ಕಾಲಿಡಬ್ಯಾಡ!”

“ದೆವ್ವ ಅಲ್ಲ ಉಗ್ರಪ್ಪಣ್ಣ, ಕಾಯಿಲೆ,” ಅಂದಳು ಲತಾ. ಕೂಸನ್ನ ಎತ್ತಿಕೊಂಡಿದ್ದಳು, ಆಗಲೇ ನೂರಾ ಎಂಟಕ್ಕೆ ಫೋನ್ ಹಚ್ಚಿದ್ದಳು. “ಹೆರಿಗೆ ಆದ ಮೇಲೆ ಕೆಲವರಿಗೆ ಬರ್ತೈತೆ. ನಿದ್ದೆ ಹೋಗ್ತೈತೆ, ಇಲ್ಲದ್ದು ಕೇಳಿಸ್ತೈತೆ. ಔಷಧಿಗೆ ವಾಸಿಯಾಗ್ತೈತೆ. ಒಂಟಿ ಬಿಟ್ರೆ ತಾಯೂ ಇಲ್ಲ, ಕೂಸೂ ಇಲ್ಲ. ನನ್ನ ಕೈಯಾಗೆ ಕೂಸೈತೆ. ಕಾವ್ಯನ ಯಾರು ಹಿಡ್ಕೊಂತೀರಿ?”

ಉಗ್ರಪ್ಪ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಕೆಂಚಕ್ಕನಿಗೆ ಮೂವತ್ತು ವರ್ಷದ ಹಿಂದಿನ ಮಾತೊಂದು ಕಿವಿಗೆ ಬಡಿಯಿತು. ಅವಳ ನಡುವಿನ ಮಗನೂ ಗುಡ್ಲಲ್ಲಿ ಎರಡು ದಿನ ಸದ್ದಿಲ್ಲದೆ ಮಲಗಿದ್ದ. ಅವಳ ಅತ್ತೆ ಆಚೆಯಿಂದಲೇ ‘ಒಳ್ಳೆ ಕೂಸು ಬಿಡು’ ಅಂದಿದ್ದಳು. ಮೂರನೇ ದಿನ ತಣ್ಣಗಾಗಿದ್ದ. ಇವತ್ತು ಅದೇ ಮಾತು ತನ್ನ ಬಾಯಲ್ಲೇ ಬಂದಿತ್ತು!

“ಸೂತಕ ನನಗೇ ಬರ್ಲಿ ಉಗ್ರಪ್ಪಣ್ಣ,” ಅಂದವಳೇ ಕೆಂಚಕ್ಕ ಗುಡ್ಲೊಳಗೆ ನುಗ್ಗಿ ಸೊಸೆಯನ್ನ ತಬ್ಬಿಕೊಂಡಳು. ಕಾವ್ಯಶ್ರೀ ಕೊಸರಾಡಿದಳು, ಪರಚಿದಳು. ಅತ್ತೆ ಬಿಡಲಿಲ್ಲ. ಆಂಬ್ಯುಲೆನ್ಸ್ ಹಿರಿಯೂರು ದಾಟಿ ದುರ್ಗದ ದೊಡ್ಡಾಸ್ಪತ್ರೆ ಮುಟ್ಟೋವರೆಗೂ ಬಿಡಲಿಲ್ಲ.

ಕೂಸಿಗೆ ಗ್ಲೂಕೋಸ್ ಹಾಕಿದರು. ಇನ್ನೊಂದು ದಿನ ತಡವಾಗಿದ್ರೆ ಕೈ ಮೀರ್ತಿತ್ತು ಅಂದರು. ಮನೋರೋಗದ ಡಾಕ್ಟರು ಕಾವ್ಯಶ್ರೀಗೆ ಮಾತ್ರೆ ಕೊಟ್ಟರು. ರಂಗೇಶ ಕುರಿಯನ್ನ ಜೊತೆಗಿದ್ದ ಬೋರಣ್ಣನ ಕೈಗೆ ಬಿಟ್ಟು ಓಡಿ ಬಂದ. ಮೂರು ವಾರಕ್ಕೆ ಕಾವ್ಯಶ್ರೀ ತಾನಾಗೇ ಕೈ ಚಾಚಿ, “ಅತ್ತೆ, ನನ್ನ ಕೂಸು ಕೊಡ್ರಿ,” ಅಂದಳು. ಕೆಂಚಕ್ಕ ಗೊಳೋ ಅಂತ ಅತ್ತುಬಿಟ್ಟಳು. ತಾಯಿ, ಮಗು ಇಬ್ಬರೂ ಸೀದಾ ಮನೆಯೊಳಕ್ಕೇ ಬಂದರು.

ಉಗ್ರಪ್ಪ ಎರಡು ತಿಂಗಳು ಮುಖ ತಿರುಗಿಸಿಕೊಂಡೇ ಓಡಾಡಿದ. ಹಟ್ಟಿಗೆ ಯಾವ ಕೇಡೂ ಬರಲಿಲ್ಲ. ಅವನ ಮೊಮ್ಮಗಳು ಹೆತ್ತ ದಿನ ಅವನೇ ಬಂದು, “ಕೆಂಚಿ, ನಮ್ಮ ಮೊಮ್ಮಗಳಿಗೂ ಮನೆಯಾಗೇ ಹಾಸಿಗೆ ಹಾಕಿಸಿದೀನಿ. ಸ್ವಲ್ಪ ನೋಡ್ಕೊಂಡು ಬಾ,” ಅಂದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬಾಣಂತಿ ಇರಬಹುದು. ನಿದ್ದೆ ಬಿಟ್ಟಿದ್ದಾಳಾ, ತನ್ನಷ್ಟಕ್ಕೆ ಗೊಣಗ್ತಾಳಾ, ಸುಮ್ಮನೆ ಅಳ್ತಾಳಾ, ಕೂಸು ಬೇಡ ಅಂತಾಳಾ? ಗಾಳಿ, ದೆವ್ವ ಅಂತ ದಿನ ಕಳೀಬೇಡ್ರಿ. ಆಶಾ ಅಕ್ಕನಿಗೆ ಹೇಳ್ರಿ, ಇಲ್ಲ 14416ಕ್ಕೆ ಫೋನ್ ಮಾಡ್ರಿ, ಮನಸ್ಸಿನ ಕಾಯಿಲೆಗೆ ಸಲಹೆ ಪುಕ್ಕಟೆ ಸಿಗ್ತೈತೆ. ಕೈ ಮೀರೋ ಹಂಗಿದ್ರೆ 108. ಆಮೇಲೆ, ತಟ್ಟೆ ಖಾಲಿಯಾಗೈತೆ ಅಂತ ದೂರದಿಂದ ನೋಡಿ ವಾಪಸ್ ಬರಬೇಡ್ರಿ. ಒಳಗೆ ಹೋಗಿ, ಅವಳ ಪಕ್ಕ ಕುಂತ್ಕಳ್ರಿ, ಕೈ ಹಿಡಿದು ಕೇಳ್ರಿ: “ರಾತ್ರಿ ನಿದ್ದೆ ಬಂತಾ ಮಗಳೇ?”