ಐದೂಕಾಲು

ಜೂನ್ ತಿಂಗಳ ಮೊದಲ ಹುಲ್ಲು ಕೊಯ್ಲು. ನಿನ್ನೆ ಕತ್ತರಿಸಿ ಹಾಸಿದ ಹುಲ್ಲು ಬಾಡಿ ಸಿಹಿ ವಾಸನೆ ಬಿಡುತ್ತಿತ್ತು. ಅಹ್ತಿ ಟ್ರ್ಯಾಕ್ಟರಿನ ಹಿಂದೆ ಹುಲ್ಲು ಬಾಚುವ ಕುಂಟೆ ಕಟ್ಟಿಕೊಂಡು ಅದನ್ನು ಸಾಲುಗೂಡಿಸುತ್ತಿದ್ದ. ಎರಡೂವರೆಗೆ ಉಂಡೆ ಕಟ್ಟುವ ಯಂತ್ರದವನು ಬರುತ್ತಾನೆ. ಸಾಲು ಸಿದ್ಧವಿಲ್ಲದಿದ್ದರೆ ನಿಲ್ಲದೆ ಮುಂದಿನ ಹೊಲಕ್ಕೆ ಹೋಗುವ ಆಸಾಮಿ. ನಾಲ್ಕರ ನಂತರ ಮಳೆ ಎಂದು ರೇಡಿಯೊ ಬೆಳಗಿನಿಂದ ಮೂರು ಸಲ ಹೇಳಿತ್ತು. ಕಾಲುಭಾಗ ಹೊಲ ಮುಗಿದಿರುವಾಗ ಅವನ ಜೇಬಿನಲ್ಲಿ ಫೋನು ನಡುಗಿತು.

"ಪರದೆ ಮತ್ತೆ ನೀಲಿಯಾಯ್ತು ಕಣೋ," ಎಂದರು ಸಿರ್ಕಾ ಟೀಚರ್.

"ಎಷ್ಟಕ್ಕೆ?"

"ಅರವತ್ತೊಂದು ಪರ್ಸೆಂಟಿಗೆ. ನಿನ್ನೆ ಎರಡು ಸಲ, ಇವತ್ತಿಂದು ಸೇರಿ ಮೂರು. ಏಳಕ್ಕೆ ಜನ ಬಂದು ಕೂತ್ಕೋತಾರೆ ಅಹ್ತಿ. ನಾನು ಬಿಳೀ ಗೋಡೆ ತೋರಿಸ್ಲಾ?"

ಅಂದು ನಡುಬೇಸಿಗೆಯ ಯುಹಾನ್ನುಸ್ ಹಬ್ಬದ ಹಿಂದಿನ ದಿನ. ಸಂಜೆ ಊರಿನ ಶಾಲೆಯಲ್ಲಿ ಕೊನೆಯ ಸಲ ಎಲ್ಲರೂ ಸೇರುವುದಿತ್ತು. ಆಗಸ್ಟಿನಿಂದ ಆ ಕಟ್ಟಡ ಯಾರೋ ಮರಗೆಲಸದವನ ಪಾಲು. ಮೂವತ್ತನಾಲ್ಕು ವರ್ಷ ಅಲ್ಲಿ ಪಾಠ ಹೇಳಿದ ಸಿರ್ಕಾ, ಹಳೆಯ ರೀಲುಗಳನ್ನೆಲ್ಲ ಒಟ್ಟುಮಾಡಿ ಒಂದು ಸಿನಿಮಾ ಹೊಲಿದಿದ್ದರು. ಕಲೆ ತೆಗೆದು, ಚಿತ್ರ ಚೊಕ್ಕಮಾಡಿ, ಕೊನೆಗೆ ಎಲ್ಲವನ್ನೂ ಒಂದೇ ಕಡತವಾಗಿ ಹೆಣೆಯುವ ಕೆಲಸ ಕಂಪ್ಯೂಟರಿನದು. ಅದಕ್ಕೆ ನಾಲ್ಕೂವರೆ ತಾಸು ಬೇಕು. ನಡುವೆ ಬಿದ್ದರೆ ಮತ್ತೆ ಮೊದಲಿನಿಂದ.

ಆ ಕಂಪ್ಯೂಟರು ಅಹ್ತಿ ಕಟ್ಟಿದ್ದು. ಹೋದ ಶರತ್ಕಾಲದಲ್ಲಿ ಅವನು ಅಟ್ಟದಿಂದ ಬಿದ್ದು ಕಾಲು ಮುರಿದುಕೊಂಡಾಗ ಆರು ವಾರ ಬೆಳಗಿನ ಹಾಲು ಕರೆದವರು ಸಿರ್ಕಾ. ಹಣ ಮುಟ್ಟಲಿಲ್ಲ. ಹಣ ಮುಟ್ಟದವರ ಸಾಲ ತೀರಿಸುವುದು ಕಷ್ಟ. ಚಳಿಗಾಲವಿಡೀ ಕೂತು ಅವರಿಗೊಂದು ಯಂತ್ರ ಜೋಡಿಸಿದ. ಕಾರ್ಖಾನೆಯವರು ನಾಲ್ಕೂ ಮುಕ್ಕಾಲು ಗಿಗಾಹರ್ಟ್ಸ್ ವೇಗಕ್ಕೆಂದು ಕಳಿಸಿದ್ದ ಪ್ರೊಸೆಸರನ್ನು ಐದೂಕಾಲಿಗೆ ಏರಿಸಿದ. ಐದು ಹಗಲು ಐದು ರಾತ್ರಿ ಪರೀಕ್ಷೆ ಓಡಿಸಿದರೂ ಅದು ಜಗ್ಗಲಿಲ್ಲ. ಹೀಗೆ ಯಂತ್ರದ ವೇಗ ಏರಿಸುವವರ ಕ್ಲಬ್ಬಿನ ಪಟ್ಟಿಯಲ್ಲಿ ಅವನ ಹೆಸರು ಮೇಲೆ ಬಂತು. ಸಹಕಾರಿ ಅಂಗಡಿಯಲ್ಲೂ ಅವನನ್ನು 'ಏನಪ್ಪಾ ಐದೂಕಾಲು' ಎಂದು ಮಾತಾಡಿಸುವವರಿದ್ದರು. ಅವನಿಗೆ ಅದು ಬೇಡವೇನೂ ಆಗಿರಲಿಲ್ಲ.

ಟ್ರ್ಯಾಕ್ಟರನ್ನು ಹೊಲದಲ್ಲೇ ನಿಲ್ಲಿಸಿ, ದನದ ಕೊಟ್ಟಿಗೆಯ ದೊಡ್ಡ ಫ್ಯಾನನ್ನು ಕಾರಿಗೆ ಹೇರಿಕೊಂಡು ಹೋದ. ಸಿರ್ಕಾ ಬಾಗಿಲಲ್ಲೇ ಮೂಗು ಮುಚ್ಚಿದರು.

"ಇದೇನೋ, ಹಸುನೂ ಕರ್ಕೊಂಡು ಬಂದ್ಯಾ?"

"ಗಾಳಿ ಬೇಕು ಟೀಚರ್. ಬಿಸಿ ಆಗ್ತಿದೆ ಅಷ್ಟೆ. ಬೇರೆ ಏನೂ ಇಲ್ಲ."

ಕೋಣೆ ದಕ್ಷಿಣಕ್ಕಿತ್ತು. ಬಿಸಿಲು ಮೇಜಿನ ಮೇಲೆ ಚೆಲ್ಲಿತ್ತು. ಸೊಳ್ಳೆಗೆ ಹೆದರಿ ಕಿಟಕಿ ಬಿಗಿದಿದ್ದರು. ಅಹ್ತಿ ಯಂತ್ರದ ಪಕ್ಕದ ತಗಡು ಬಿಚ್ಚಿದ, ಫ್ಯಾನನ್ನು ಕುರ್ಚಿಯ ಮೇಲೆ ನಿಲ್ಲಿಸಿ ಕಟ್ಟಿದ, ವೋಲ್ಟೇಜು ಕೂದಲೆಳೆಯಷ್ಟು ಏರಿಸಿದ. ಐದೂಕಾಲು ಎಂಬ ವೇಗದ ಸಂಖ್ಯೆಯನ್ನು ಮಾತ್ರ ಮುಟ್ಟದೆ ಕೆಲಸವನ್ನು ಮತ್ತೆ ಮೊದಲಿನಿಂದ ಹೊರಡಿಸಿದ. ಫ್ಯಾನು ಗುಡುಗಿತು, ಮೇಜಿನ ಮೇಲಿದ್ದ ಶಾಲಾ ಫೋಟೋಗಳು ಹಾರಿ ನೆಲಕ್ಕೆ ಬಿದ್ದವು. ಇಬ್ಬರೂ ಬಗ್ಗಿ ಹೆಕ್ಕಿದರು.

ಅವನಿಗೆ ಕೂರಲಾಗಲಿಲ್ಲ. ಕಿಟಕಿಗೆ ಹೋದ, ಬಂದ. ಪಶ್ಚಿಮಕ್ಕೆ ಆಕಾಶ ಹಾಲು ಒಡೆದ ಹಾಗೆ ಬೆಳ್ಳಗಾಗುತ್ತಿತ್ತು. ಸಿರ್ಕಾ ಕಾಫಿ ಕೊಟ್ಟರು, ಅವನು ಲೋಟ ಎತ್ತಿ ಕುಡಿಯದೆ ಇಟ್ಟ. ಪರದೆಯಲ್ಲಿ ಇಪ್ಪತ್ತೈದು ಪರ್ಸೆಂಟು. ಮೂವತ್ತು. ಪ್ರೊಸೆಸರಿನ ಶಾಖ ತೊಂಬತ್ತಾರು ಡಿಗ್ರಿಯಲ್ಲಿ ಕುಣಿಯುತ್ತಿತ್ತು.

ಮೂವತ್ತೆಂಟಕ್ಕೆ ಪರದೆ ನೀಲಿಯಾಯಿತು.

ಸಿರ್ಕಾ ಎದ್ದು ಫ್ಯಾನಿನ ತಂತಿ ಕಿತ್ತರು. ಮನೆ ಒಮ್ಮೆಲೇ ನಿಶ್ಶಬ್ದವಾಯಿತು. ಗೋಡೆಯ ಗಡಿಯಾರ ಹನ್ನೆರಡು ದಾಟಿತ್ತು.

"ಇದನ್ನ ಎಲ್ಲಿ ಪರೀಕ್ಷೆ ಮಾಡಿದ್ದೆ ನೀನು?"

"ನಮ್ಮನೇಲಿ."

"ನಿಮ್ಮನೇಲಿ ಎಲ್ಲಿ?"

"ಜಗಲೀಲಿ."

"ಯಾವಾಗ?"

ಅಹ್ತಿ ಸ್ಕ್ರೂಡ್ರೈವರನ್ನು ಬೆರಳಲ್ಲಿ ತಿರುಗಿಸಿದ. "ಫೆಬ್ರವರೀಲಿ."

"ಕಿಟಕಿ?"

ಅವನು ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಆಗ ಗಾಜು ಕೂರಿಸಿದ ಜಗಲಿಯ ಕಿಟಕಿ ಒಂದು ಗೇಣು ತೆರೆದಿತ್ತು. ಹೊರಗೆ ಸೊನ್ನೆಗಿಂತ ಇಪ್ಪತ್ತಮೂರು ಡಿಗ್ರಿ ಕೆಳಗೆ. ತಾನೇ ತುಪ್ಪಳದ ಟೋಪಿ ಹಾಕಿಕೊಂಡು ಆ ಐದು ದಿನ ಸಂಖ್ಯೆಗಳನ್ನು ನೋಡುತ್ತ ಕೂತಿದ್ದ. ಯಂತ್ರ ಜಗ್ಗುವುದಿಲ್ಲ ಎಂದು ಅವರಿಗೆ ಹೇಳುವಾಗ ಕಿಟಕಿಯ ವಿಷಯ ಅವನ ನಾಲಿಗೆಯ ತನಕ ಬಂದಿತ್ತು.

"ಮೂರನೇ ಕ್ಲಾಸಲ್ಲೂ ಹೀಗೇ," ಎಂದರು ಸಿರ್ಕಾ. "ಮೊದಲು ಉತ್ತರ ಬರೆಯೋದು. ಆಮೇಲೆ ಅದಕ್ಕೆ ತಕ್ಕ ಹಾಗೆ ಲೆಕ್ಕ ಮಾಡೋದು."

"ಇನ್ನೊಂದು ಸಲ ನೋಡ್ತೀನಿ ಟೀಚರ್. ಐದಕ್ಕೆ ಇಳಿಸಿದ್ರೆ ನಿಲ್ಲಬಹುದು. ಇಲ್ಲಾ ಐದೂ ಚಿಲ್ಲರೆ..."

"ಬಹುದು! ಕಾರ್ಖಾನೆಯವ್ರು ಮಾಡಿದ್ದ ಹಾಗೇ ಬಿಟ್ರೆ ಎಷ್ಟು ಹೊತ್ತಾಗತ್ತೆ?"

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೇಳಲು ನಾಚಿಕೆಯಾಯಿತು. "ಐದು ತಾಸು."

"ಈಗ?"

"ನಾಲ್ಕೂವರೆ."

ಸಿರ್ಕಾ ಅವನನ್ನು ನೋಡಿದರು. ಬೈದಿದ್ದರೆ ಆಗುತ್ತಿತ್ತು. ಅವರು ಹೆಕ್ಕಿಟ್ಟ ಫೋಟೋಗಳ ಅಂಚನ್ನು ಮೇಜಿಗೆ ತಟ್ಟಿ ಸಮಮಾಡಿದರು. "ಅರ್ಧ ತಾಸಿಗೆ," ಎಂದರು. "ಅರ್ಧ ತಾಸು ನಾನು ಆಲೂಗಡ್ಡೆ ಸುಲೀತೀನಪ್ಪ."

ಅಹ್ತಿ ಯಂತ್ರವನ್ನು ಮತ್ತೆ ಹೊತ್ತಿಸಿ ಆಳದ ಸೆಟ್ಟಿಂಗುಗಳ ಪುಟ ತೆರೆದ. ಅಲ್ಲಿ ಅವನು ಚಳಿಗಾಲವಿಡೀ ಒಂದೊಂದಾಗಿ ತಿದ್ದಿದ ಮೂವತ್ತೇಳು ಸಂಖ್ಯೆಗಳಿದ್ದವು. ಒಂದೇ ಗುಂಡಿ ಒತ್ತಿದರೆ ಎಲ್ಲವೂ ಹಳೆಯದಕ್ಕೆ ಹೋಗುತ್ತವೆ. ಖಚಿತವೇ ಎಂದು ಪರದೆ ಕೇಳಿತು. ಅವನ ಬೆರಳು ಅಲ್ಲೇ ನಿಂತಿತು. ಹಿಂದೆ ಸಿರ್ಕಾ ಕೆಮ್ಮಿದರು. ಒತ್ತಿದ.

ಹನ್ನೆರಡೂ ಇಪ್ಪತ್ತಕ್ಕೆ ಕೆಲಸ ಮತ್ತೆ ಸೊನ್ನೆಯಿಂದ ಹೊರಟಿತು. ಶಾಖ ಅರವತ್ತೆಂಟು. ಫ್ಯಾನು ಬೇಕಾಗಿರಲಿಲ್ಲ.

"ನಾನು ಹೊಲಕ್ಕೆ ಹೋಗಿ ಬರ್ತೀನಿ," ಎಂದ. "ಯಂತ್ರದವನು ಬಂದ್ಬಿಡ್ತಾನೆ."

"ನೀನು ಎಲ್ಲಿಗೂ ಹೋಗಲ್ಲ. ಬಿದ್ರೆ ಎಬ್ಬಿಸೋದು ಯಾರು, ನಾನಾ?"

"ಈಗ ಬೀಳಲ್ಲ ಟೀಚರ್."

"ಹೋದ ಸಲಾನೂ ಬೀಳಲ್ಲ ಅಂದಿದ್ದೆ." ಸಿರ್ಕಾ ಆಗಲೇ ರಬ್ಬರ್ ಬೂಟಿನೊಳಗೆ ಕಾಲು ತೂರಿಸುತ್ತಿದ್ದರು. "ಕೀಲಿ ಟ್ರ್ಯಾಕ್ಟರಲ್ಲೇ ಇದ್ಯಾ?"

"ಟೀಚರ್, ನಿಮಗೆ ಎಪ್ಪತ್ತೊಂದು..."

"ನೀನು ಹುಟ್ಟೋದಕ್ಕೆ ಮುಂಚಿಂದ ಕುಂಟೆ ಎಳೆದಿದೀನಿ."

"ಬೇಡ. ಆರು ವಾರದ್ದೇ ಇನ್ನೂ ತೀರಿಲ್ಲ ನಂದು."

"ಅದು ನಂಗೂ ಗೊತ್ತು," ಎಂದು ಅವರು ಹೊಸ್ತಿಲು ದಾಟಿದರು. "ಕಿಟಕಿ ತೆಗೀಬೇಡ. ಸೊಳ್ಳೆ ಬರತ್ತೆ."

ಬಾಗಿಲು ಮುಚ್ಚಿತು. ಕಾರು ಹೊರಟ ಸದ್ದು. ಅಹ್ತಿ ಪರದೆಯ ಮುಂದೆ ಕೂತ. ಮೂಲೆಯ ಪುಟ್ಟ ಚೌಕದಲ್ಲಿ ಹೆಣೆದು ಮುಗಿದ ಚಿತ್ರಗಳು ಒಂದೊಂದಾಗಿ ಹಾದುಹೋಗುತ್ತಿದ್ದವು: ಹಿಮದಲ್ಲಿ ಸಾಲಾಗಿ ನಿಂತ ಮಕ್ಕಳು, ಒಲೆಯ ಮುಂದೆ ಒಣಗುವ ಕೈಗವಸುಗಳು, ಹಲ್ಲು ಬಿದ್ದ ಯಾರೋ ಹುಡುಗಿ. ಹನ್ನೊಂದು. ಹನ್ನೆರಡು. ಕಿಟಕಿಯಾಚೆ, ಚಪ್ಪಟೆ ಹೊಲಗಳ ಆ ತುದಿಯಲ್ಲಿ ಅವನ ಟ್ರ್ಯಾಕ್ಟರು ಕೆಮ್ಮಿ ಹೊಗೆಯುಗುಳಿ ಹೊರಟಿತು. ಅವನು ಹೊಲದಂಚಿನ ಕಾಲುವೆಯ ಉದ್ದಕ್ಕೆ ಸಾಲು ಎಳೆದಿದ್ದ. ಸಿರ್ಕಾ ಅಡ್ಡಕ್ಕೆ ಎಳೆಯುತ್ತಿದ್ದರು.

"ಹಾಗಲ್ಲ, ಹಾಗಲ್ಲ," ಎನ್ನುತ್ತ ಅಹ್ತಿ ಅರ್ಧ ಎದ್ದ. ಪರದೆ ಹದಿಮೂರು ತೋರಿಸಿತು. ಕೈಗಳನ್ನು ಮೊಣಕಾಲುಗಳ ನಡುವೆ ಒತ್ತಿಕೊಂಡು ಮತ್ತೆ ಕೂತ.