ಸೋರಿಕೆ ನಿಲ್ಲಬೇಕು ಅಂದರೆ ಏನು

ಗಂಗಾವತಿಯ ಆ ಎರಡಂತಸ್ತಿನ ಕಟ್ಟಡ ಶರಣಬಸವನದು. ಅವನಿಗೆ ಯಲಬುರ್ಗಾದಲ್ಲಿ ಸರ್ಕಾರಿ ನೌಕರಿ. ಬಾಡಿಗೆ ವಸೂಲಿ, ನೀರು, ರಿಪೇರಿ ಎಲ್ಲವನ್ನೂ ನೋಡಿಕೊಳ್ಳಲು ಅವನು ಸಂಬಳ ಕೊಟ್ಟು ಅತೀಯಾಳನ್ನು ಇಟ್ಟಿದ್ದ.

ಕೆಳಗಿನ ಮನೆಯಲ್ಲಿ ಫಕೀರಮ್ಮ ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದಳು. ಮೇಲಿನ ಮನೆಯ ಬಚ್ಚಲಿನ ನೀರು ಅವಳ ಅಡುಗೆಮನೆಯ ಚಾವಣಿಯಿಂದ ಸರಿಯಾಗಿ ಒಲೆಯ ಪಕ್ಕಕ್ಕೇ ತೊಟ್ಟಿಕ್ಕತೊಡಗಿತು. ಅತೀಯಾ ಗಾರೆ ಕೆಲಸದ ಗುತ್ತಿಗೆ ಹಿಡಿಯುವ ಗೌಂಡಿ ಹೊಳಿಯಪ್ಪನನ್ನು ಕರೆಸಿದಳು.

"ಅಣ್ಣಾರ, ಇಲ್ಲಿ ಸೋರಬಾರ್ದು ನೋಡ್ರಿ. ಛಲೋತ್ನಂಗ ಮಾಡಿಕೊಡ್ರಿ."

"ಬಿಡ್ರಿ ಅಕ್ಕಾರ, ನಾ ಅದೀನಲ್ಲ."

ಹೊಳಿಯಪ್ಪ ಚಾವಣಿಗೆ ಸಿಮೆಂಟು ಮೆತ್ತಿ, ಮೇಲೆ ಸುಣ್ಣ ಹೊಡೆದು ಹೋದ. ನೋಡಲು ಚೆಂದವಿತ್ತು. ವಾರ ಕಳೆಯುವುದರೊಳಗೆ ಸುಣ್ಣವೂ ಸಿಮೆಂಟೂ ಹಪ್ಪಳದಂತೆ ಎದ್ದು ಹಿಟ್ಟಿನ ಪರಾತದೊಳಗೆ ಬಿದ್ದವು. ಫಕೀರಮ್ಮ ಆ ಹಿಟ್ಟನ್ನು ಹಾಗೆಯೇ ಎತ್ತಿಕೊಂಡು ಬಂದು ಅತೀಯಾಳ ಮುಂದಿಟ್ಟಳು.

ಎರಡನೆಯ ಸಲ ಅವನು ಮೇಲಿನ ಬಚ್ಚಲಿನ ಟೈಲ್ಸ್ ಸಂದಿಗೆ ಬಿಳಿ ಸಿಮೆಂಟು ತುಂಬಿದ. ಮೇಲಿನ ಮನೆಯ ಮಂಜೂರನಿಗೆ ಮೊದಲೇ ಹೇಳಿರಲಿಲ್ಲ. ಅವನ ಹೆಂಡತಿ ಕೂಸಿಗೆ ಎರೆಯಲು ನೀರು ಕಾಯಿಸಿಟ್ಟಿದ್ದಳು. ಆ ನೀರು ಅಲ್ಲೇ ಆರಿಹೋಯಿತು. ಇಷ್ಟಾದರೂ ಸೋರಿಕೆ ಒಂದು ಮೊಳ ಆಚೆ ಸರಿಯಿತೇ ಹೊರತು ನಿಲ್ಲಲಿಲ್ಲ.

ಮೂರನೆಯ ಸಲ ಹೊಳಿಯಪ್ಪ ಕೆಲಸ ಮುಗಿಯಿತೆಂದು ಕರೆದಾಗ ಅತೀಯಾ ಬಂದು ನೋಡಿದರೆ ಅಡುಗೆಮನೆ ಒಣಗಿತ್ತು. ಅವಳಿಗೆ ಖುಷಿಯಾಯಿತು. ಅಷ್ಟರಲ್ಲಿ ಮಂಜೂರ ಖಾಲಿ ಕೊಡ ಹಿಡಿದುಕೊಂಡು ಮೆಟ್ಟಿಲಿಳಿದು ಬಂದ. "ಅಕ್ಕಾ, ಮುಂಜಾನಿಂದ ನಮ್ಮ ಬಚ್ಚಲಕ್ಕ ನೀರಿಲ್ಲ."

ಹೊಳಿಯಪ್ಪ ಮೇಲಿನ ನೀರಿನ ವಾಲ್ ತಿರುವಿ ಬಂದ್ ಮಾಡಿದ್ದ.

"ಇದೇನ್ ಮಾಡೀರಿ ಅಣ್ಣಾರ?"

"ಸೋರೂದು ನಿಲ್ಲಿಸ್ರಿ ಅಂದ್ರಿ. ನಿಂತೈತಿಲ್ಲೋ?" ಅವನು ಹಾಸ್ಯ ಮಾಡುತ್ತಿರಲಿಲ್ಲ. ಅದೇ ಅತೀಯಾಳನ್ನು ಇನ್ನಷ್ಟು ಕೆರಳಿಸಿತು.

ಫೋನು ಮಾಡಿದರೆ ಶರಣಬಸವ ಅವಳನ್ನೇ ಕೇಳಿದ: "ನೀವು ಅವಗ ಏನಂತ ಹೇಳಿದ್ರಿ?"

"ಛಲೋತ್ನಂಗ ಮಾಡ್ರಿ ಅಂತ ಹೇಳೀನ್ರಿ."

"ಛಲೋ ಅಂದ್ರ ಅವಗ ಏನ್ ತಿಳೀಬೇಕ್ರಿ?"

ಸಿಟ್ಟಿನಲ್ಲಿ ಫೋನು ಇಟ್ಟಳು. ಆದರೆ ಅವನ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಆ ಸಂಜೆ ಹಾಳೆ ತೆಗೆದುಕೊಂಡು ಕೂತು ಬರೆದಳು. ಬಚ್ಚಲಿನ ನೆಲ ಒಡೆದು ಹಳೆಯ ಪೈಪು ಬದಲಿಸಬೇಕು. ನೀರು ಇಳಿಯದಂತೆ ಲೇಪ ಹಾಕಿ ಒಣಗಲು ಬಿಡಬೇಕು. ಆಮೇಲೆ ಒಂದು ಇಡೀ ದಿನ ಬಚ್ಚಲಿನಲ್ಲಿ ನೀರು ತುಂಬಿ ನಿಲ್ಲಿಸಿ ಕೆಳಗೆ ನೋಡಬೇಕು. ಒಂದು ಹನಿ ಕಂಡರೂ ಟೈಲ್ಸ್ ಕೂರಿಸುವಂತಿಲ್ಲ. ಕೆಲಸಕ್ಕೆ ಬರುವ ಹಿಂದಿನ ದಿನವೇ ಎರಡೂ ಮನೆಯವರಿಗೆ ತಿಳಿಸಬೇಕು.

ಹೊಳಿಯಪ್ಪ ಅದನ್ನು ಓದಿ ಮಡಚಿ ವಾಪಸು ಕೊಟ್ಟ. "ಇದೇನ್ರಿ, ಪೊಲೀಸ್ ಠಾಣಾದಾಗ ಬರಸ್ಕೊಂಡಂಗ! ನನ್ನ ಮಾತಿನ ಮ್ಯಾಲ ಸಿದ್ದಾಪುರದಾಗ ಮಂದಿ ಇಡೀ ಮನೀನ ಕಟ್ಸ್ಯಾರ. ನಂಬಿಕಿ ಇಲ್ಲಂದ್ರ ಬ್ಯಾರೇದವ್ರನ್ನ ನೋಡ್ಕೋರಿ."

ಹೊರಟೇ ಹೋದ. ಬೇರೆಯವರನ್ನು ಎಲ್ಲಿಂದ ತರುವುದು? ಭತ್ತದ ನಾಟಿ ಶುರುವಾಗಿತ್ತು. ಕಾಲುವೆಯ ಕಡೆಯ ಊರುಗಳಿಗೆ ಹೋದ ಕೂಲಿಯವರು ಯಾರ ಕೈಗೂ ಸಿಗುತ್ತಿರಲಿಲ್ಲ. ಅತೀಯಾ ಕೇಳಿದ ಗೌಂಡಿಗಳೆಲ್ಲ "ನಾಳಿ ಬರ್ತೀವ್ರಿ" ಎಂದರು. ಯಾರೂ ಬರಲಿಲ್ಲ.

ಕೊನೆಗೆ ಹೊಳಿಯಪ್ಪನನ್ನು ಹಿಡಿದವಳು ಫಕೀರಮ್ಮ. ಬಿಟ್ಟುಹೋಗಿದ್ದ ಕೆಲಸದ ಸಾಮಾನು ಒಯ್ಯಲು ಬಂದವನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಒಲೆಯ ಹತ್ತಿರ ಕೂರಿಸಿದಳು. ಅಷ್ಟರಲ್ಲಿ ಮೇಲಿನ ನೀರು ಮತ್ತೆ ಬಿಟ್ಟಿದ್ದರು. ಹನಿ ಅವನ ಹೆಗಲ ಮೇಲೆ ಬಿತ್ತು. ಅವನು ಪಕ್ಕಕ್ಕೆ ಸರಿದ.

"ಸರೀಬ್ಯಾಡ ಯಣ್ಣಾ. ನಾ ಇಲ್ಲೇ ಕುಂತು ಒಂದು ಬುಟ್ಟಿ ರೊಟ್ಟಿ ಬಡಿಬೇಕು. ನೀನೂ ಅಷ್ಟೊತ್ತು ಕುಂಡ್ರು."

ಅವನು ಬಹಳ ಹೊತ್ತು ಕೂರಲಿಲ್ಲ. ಹೊರಗೆ ಬಂದು ಅತೀಯಾಳಿಂದ ಪೆನ್ನು ಕೇಳಿದ. "ಸಹಿ ಹಾಕ್ತೀನಿ. ಆದ್ರ ನಂದೂ ಒಂದು ಮಾತು ಬರೀರಿ. ಕೆಲಸದ ನಡುವ ಗೇಟಿನ ಚಿಲಕ ನೋಡ್ರಿ, ಆ ನಳ ನೋಡ್ರಿ ಅಂತ ಕರೀಬಾರ್ದು. ಹೋದ ಸಲ ನನ್ನ ಅರ್ಧಾ ದಿನ ಅದರಾಗ ಹೋತು."

ಅತೀಯಾಳ ಮುಖ ಬಿಸಿಯಾಯಿತು. ಕರೆದಿದ್ದೇನೋ ನಿಜ. ಬರೆದಳು.

ಈ ಸಲ ಹೊಳಿಯಪ್ಪ ಹಿಂದಿನ ದಿನವೇ ಎರಡೂ ಮನೆಗೆ ಹೇಳಿಹೋದ. ನೆಲ ಅಗೆದಾಗ ಹಳೆಯ ಪೈಪು ಉದ್ದಕ್ಕೆ ಸೀಳಿಹೋಗಿದ್ದು ಕಂಡಿತು. ಅದನ್ನು ಬದಲಿಸಿ, ಲೇಪ ಹಾಕಿ, ಅದು ಒಣಗಿದ ಮೇಲೆ ಬಚ್ಚಲಿನಲ್ಲಿ ನೀರು ತುಂಬಿ ನಿಲ್ಲಿಸಿದ. ಮರುದಿನ ಎಲ್ಲರೂ ಅಡುಗೆಮನೆಯಲ್ಲಿ ತಲೆ ಎತ್ತಿ ನಿಂತರು. ಫಕೀರಮ್ಮ ಸ್ಟೂಲು ಹತ್ತಿ ಚಾವಣಿಯನ್ನು ಅಂಗೈಯಿಂದ ಸವರಿದಳು.

"ಒಣಗೇತಿ" ಎಂದಳು.

ಟೈಲ್ಸ್ ಕೂರಿಸಿದ ದಿನ ಅತೀಯಾ ಮೇಲೆ ಹೋಗಲು ನೋಡಿದರೆ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಒಡೆದ ಸಿಮೆಂಟು, ಟೈಲ್ಸ್ ಚೂರು, ಸೀಳಿದ ಪೈಪು ಎಲ್ಲ ಅಲ್ಲೇ ರಾಶಿ ಬಿದ್ದಿತ್ತು. ಹೊಳಿಯಪ್ಪ ಕೈಕಾಲು ತೊಳೆದು ಗಾಡಿ ಚಾಲೂ ಮಾಡುತ್ತಿದ್ದ.

"ಅಣ್ಣಾರ, ಈ ಕಸ?"

"ಅದು ಬರ್ದಿಲ್ಲಲ್ರಿ ಅಕ್ಕಾರ. ಓದಿ ನೋಡ್ರಿ ಬೇಕಾರ."

ಅವಳು ಓದಿ ನೋಡಲಿಲ್ಲ. ಬರೆದಿರಲಿಲ್ಲ ಎಂಬುದು ಗೊತ್ತಿತ್ತು. ಬೈಯಬೇಕೆಂದು ಬಾಯಿ ತೆರೆದಳು. ಆದರೆ ಯಾರನ್ನು ಬೈಯುವುದು? ಹಾಳೆ ಬರೆದವಳು ತಾನೇ. ಗಾಡಿ ಓಣಿ ದಾಟಿತು. ಮಂಜೂರ ಮೇಲಿನಿಂದ ಸಲಿಕೆ ತಂದ, ಫಕೀರಮ್ಮ ಹಳೆಯ ಬುಟ್ಟಿಗಳನ್ನು ಕೊಟ್ಟಳು. ಅತೀಯಾ ದುಪಟ್ಟಾ ಸೊಂಟಕ್ಕೆ ಬಿಗಿದು, ಹಲ್ಲು ಕಚ್ಚಿಕೊಂಡು ಮೊದಲ ಬುಟ್ಟಿ ಎತ್ತಿದಳು.